ಹಡಗು ಗುಡ್ಡ ಹತ್ತಿದ ದಿನ

ಪನಾಮ ಕಾಲುವೆ ದಾಟುವ ದಿನ ಕ್ರೂಸ್ ಹಡಗಿನಲ್ಲಿ ತಿಂಡಿಗೆ ಅಷ್ಟೊಂದು ನೂಕುನುಗ್ಗಲು ಇರುವುದಿಲ್ಲ. ಬೆಳಕು ಹರಿಯುವ ಮೊದಲೇ ಜನ ಮುಂದಿನ ಡೆಕ್ಕಿನ ಕಂಬಿ ಹಿಡಿದು ನಿಂತಿರುತ್ತಾರೆ. ಸೆಖೆ ಅಂದರೆ ಸೆಖೆ, ಏಳು ಗಂಟೆಗೇ ಅಂಗಿ ಬೆನ್ನಿಗೆ ಅಂಟಿತ್ತು.

ಕೆರಿಬಿಯನ್ ಕಡೆಯಿಂದ ಹೊಕ್ಕರೆ ಮೊದಲು ಸಿಗುವುದು ಗಟೂನ್ ಲಾಕ್. ಲಾಕ್ ಅಂದರೆ ಗೇಟು ಮುಚ್ಚಿ, ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ಹಡಗನ್ನು ಮೇಲೆತ್ತುವ, ಕೆಳಗಿಳಿಸುವ ದೊಡ್ಡ ತೊಟ್ಟಿ. ಇಲ್ಲಿ ಹಡಗು ಮೂರು ಮೆಟ್ಟಿಲು ಹತ್ತಿ, ಸಮುದ್ರಕ್ಕಿಂತ 26 ಮೀಟರ್ ಎತ್ತರದಲ್ಲಿರುವ ಗಟೂನ್ ಸರೋವರ ಸೇರುತ್ತದೆ. ಶುರುವಿನಲ್ಲಿ ಇಬ್ಬರು ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬಂದು ಹಗ್ಗ ಕೊಟ್ಟರು. ಇಷ್ಟು ದೊಡ್ಡ ಹಡಗಿಗೆ ಈ ದೋಣಿಯಾ ಅಂತ ಎಲ್ಲರಿಗೂ ನಗು. ಎರಡೂ ದಡದಲ್ಲಿ ಹಳಿಗಳ ಮೇಲೆ ಓಡುವ ‘ಮ್ಯೂಲ್’ ಎಂಜಿನ್‌ಗಳು ಹಡಗನ್ನು ಎಳೆಯುತ್ತವೆ ಅಂತ ತುಂಬಾ ಜನ ಹೇಳುತ್ತಿದ್ದರು. ಹಡಗು ಹೋಗುವುದು ತನ್ನ ಎಂಜಿನ್ ಬಲದಲ್ಲೇ. ಮ್ಯೂಲ್‌ಗಳು ಅದು ಗೋಡೆಗೆ ತಾಗದಂತೆ ನಡುವೆ ಹಿಡಿದಿಡುತ್ತವೆ, ಅಷ್ಟೇ.

ಲಾಕಿನ ಅಗಲ 33.5 ಮೀಟರ್, ನಮ್ಮ ಹಡಗಿನದು 32ರ ಮೇಲೆ. ಅಂದರೆ ಒಂದೊಂದು ಬದಿಗೆ ಉಳಿಯುವುದು ಎರಡೇ ಅಡಿ! ಕೆಳಗಿನ ಡೆಕ್ಕಿಗೆ ಓಡಿದೆ. ಒದ್ದೆ ಕಾಂಕ್ರೀಟು, ಪಾಚಿ, ಹಿಂದೆ ಉಜ್ಜಿಕೊಂಡು ಹೋದ ಹಡಗುಗಳ ಬಣ್ಣದ ಗೀರುಗಳು, ಎಲ್ಲವೂ ಮೂಗಿನ ಮುಂದೆ. ಹಿಂದಿನ ಗೇಟು ಮುಚ್ಚಿತು, ನೀರು ಕೆಳಗಿನಿಂದ ಸುಳಿ ಸುಳಿಯಾಗಿ ಉಕ್ಕತೊಡಗಿತು, ಗೋಡೆ ಮೆಲ್ಲಗೆ ಕೆಳಗೆ ಜಾರಿ ಸ್ವಲ್ಪ ಹೊತ್ತಿಗೆ ಹುಲ್ಲು, ದೀಪದ ಕಂಬ, ಟೋಪಿ ಹಾಕಿದ ಕೆಲಸಗಾರರ ಮುಖ ಕಂಡವು. ನೀರು ತುಂಬಲು ಪಂಪೇ ಇಲ್ಲ. ಮೇಲಿನ ಸರೋವರದ ನೀರು ತನ್ನಷ್ಟಕ್ಕೆ ಇಳಿದು ಬರುತ್ತದೆ.

ಆ ಸರೋವರವೂ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ್ದೇ. ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಪಾಲು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ಬಿಡುವ ಹಡಗುಗಳನ್ನೇ ಕಡಿಮೆ ಮಾಡಿದ್ದರು. ಪ್ರಪಂಚದ ವ್ಯಾಪಾರ ಇಲ್ಲಿ ಮಳೆ ನಂಬಿಕೊಂಡು ಕೂತಿದೆ!

ಮಧ್ಯಾಹ್ನ ಕುಲೆಬ್ರಾ ಕಟ್. ಬೆಟ್ಟವನ್ನೇ ಸೀಳಿ ಮಾಡಿದ ದಾರಿ, ಎರಡೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ. ಸೂಯೆಜ್ ಕಾಲುವೆ ಮಾಡಿಸಿ ಗೆದ್ದಿದ್ದ ಫ್ರಾನ್ಸಿನ ಲೆಸೆಪ್ಸ್, ಇಲ್ಲೂ ಸಮುದ್ರ ಮಟ್ಟಕ್ಕೇ ಅಗೆಯುತ್ತೇನೆ ಅಂತ ಹೊರಟ. ಆತ ಎಂಜಿನಿಯರ್ ಅಲ್ಲ, ರಾಜತಾಂತ್ರಿಕ. ಮರುಭೂಮಿಯ ಲೆಕ್ಕ ಈ ಮಳೆಕಾಡಿಗೆ ಹೊಂದುತ್ತದಾ? ಅಗೆದಷ್ಟೂ ಮಣ್ಣು ಕುಸಿಯಿತು. ಮಲೇರಿಯಾ, ಹಳದಿ ಜ್ವರಕ್ಕೆ ಸುಮಾರು 20 ಸಾವಿರ ಜನ ಸತ್ತರು, 1889ಕ್ಕೆ ಕಂಪನಿ ದಿವಾಳಿ. ಆಮೇಲೆ ಬಂದ ಅಮೆರಿಕನ್ನರು ಮೊದಲು ಸೊಳ್ಳೆಯ ಬೆನ್ನು ಹತ್ತಿದರು, ಲಾಕ್ ಕಟ್ಟಿದರು, 1914ರಲ್ಲಿ ಕಾಲುವೆ ತೆರೆಯಿತು. ಅವರ ಕಾಲದಲ್ಲೂ 5,600ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಬಾರ್ಬಡೋಸ್‌ನಂಥ ದ್ವೀಪಗಳಿಂದ ಕೂಲಿಗೆ ಬಂದ ಕರಿಯರು. ಹಡಗಿನ ಮೈಕಿನಲ್ಲಿ ಎಂಜಿನಿಯರುಗಳ ಹೆಸರು ಬೇಕಾದಷ್ಟು ಸಲ ಬಂತು, ಇವರ ಬಗ್ಗೆ ಒಂದೇ ವಾಕ್ಯ.

ಪೆದ್ರೊ ಮಿಗೆಲ್‌ನಲ್ಲಿ ಒಂದು ಮೆಟ್ಟಿಲು, ಮಿರಾಫ್ಲೋರೆಸ್‌ನಲ್ಲಿ ಎರಡು ಇಳಿದರೆ ಪೆಸಿಫಿಕ್. ಇಳಿಯುವಾಗ ಹತ್ತುವಾಗಿನ ಮಜಾ ಇಲ್ಲ, ಡೆಕ್ಕೂ ಅರ್ಧ ಖಾಲಿ.

ಗಟೂನ್ ಸರೋವರದ ತನಕ ಮಾತ್ರ ಹೋಗಿ ವಾಪಸ್ ಬರುವ ಕ್ರೂಸ್‌ಗಳೂ ಇವೆ. ರಜೆ ಕಡಿಮೆ ಇದ್ದರೆ ಅದೇ ಸರಿ, ಆದರೆ ಕುಲೆಬ್ರಾ ತಪ್ಪಿಹೋಗುತ್ತದೆ. ಪೂರ್ತಿ ದಾಟುವ ಟಿಕೆಟ್ಟೇ ತಗೊಳ್ಳಿ. ಟೋಪಿ ಮರೆಯಬೇಡಿ.