ಟ್ಯಾಂಕರ್ ನೀರು, ಎ.ಸಿ. ನೀರು ಮತ್ತು ನಮ್ಮ ತಾರಸಿಯ ಲೆಟಿಸ್

ಮಣ್ಣಿಲ್ಲದೆ ಸೊಪ್ಪು ಬೆಳೆಯುವವರ ಮನೆಯಲ್ಲಿ ಎರಡು ವಾರಕ್ಕೊಮ್ಮೆ ನೀರು ಬದಲಿಸುವ ದಿನ ಅಂತ ಒಂದು ಬರುತ್ತದೆ. ಗಿಡಗಳ ಬೇರು ಇರುವ ಪೈಪುಗಳಿಗೆ ಪಂಪು ಹರಿಸುವ ಗೊಬ್ಬರದ ನೀರು ಒಂದು ಡ್ರಮ್ಮಿನಲ್ಲಿರುತ್ತದೆ. ಆ ಹಳೇ ನೀರನ್ನು ಪೂರ್ತಿ ತೆಗೆದು, ಒರೆಸಿ, ಹೊಸದು ತುಂಬಬೇಕು. ಮಾಮೂಲಿ ಕೆಲಸ. ಆದರೆ 2024ರ ಏಪ್ರಿಲ್‌ನ ಒಂದು ಭಾನುವಾರ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಅವತ್ತು ಗೊಬ್ಬರಕ್ಕಿಂತ ನೀರಿನ ಬಗ್ಗೆಯೇ ಜಾಸ್ತಿ ಯೋಚನೆ ಮಾಡಬೇಕಾಗಿ ಬಂತು.

ಆ ಬೇಸಿಗೆ ಹೇಗಿತ್ತು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದ್ದವು. ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲೇ ಹೇಳಿತ್ತು. ಅದು ಸರಿಯಾದ ಆದೇಶವೇ. ಪಕ್ಕದ ಬೀದಿಯಲ್ಲಿ ಜನ ಬಿಂದಿಗೆ ಹಿಡಿದು ಕಾಯುತ್ತಿರುವಾಗ ಕಾವೇರಿ ನೀರಲ್ಲಿ ಲೆಟಿಸ್ ಬೆಳೆಯೋದಕ್ಕೆ ನನ್ನ ಮನಸ್ಸೂ ಒಪ್ಪುತ್ತಿರಲಿಲ್ಲ. ಹಾಗಂತ ತೋಟ ಮುಚ್ಚಿಬಿಡೋದಕ್ಕೂ ಮನಸ್ಸಿರಲಿಲ್ಲ. ಪೈಪಿನಲ್ಲಿ ಹರಿದ ನೀರು ತಿರುಗಿ ಡ್ರಮ್ಮಿಗೇ ಬರುತ್ತದೆ, ನೆಲಕ್ಕೆ ಇಂಗಿ ಹೋಗುವುದಿಲ್ಲ. ಇದೇ ಸೊಪ್ಪನ್ನು ಕುಂಡದಲ್ಲಿ ಬೆಳೆದರೆ ಇದಕ್ಕಿಂತ ಎಷ್ಟೋ ಜಾಸ್ತಿ ನೀರು ಬೇಕು. ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡೇ ಮುಂದುವರಿಸಿದೆ.

ಸಂಪಿನಲ್ಲಿ ಇದ್ದದ್ದು ಟ್ಯಾಂಕರ್ ನೀರು. ಎಲ್ಲಿಯದು ಅಂತ ಟ್ಯಾಂಕರ್ ಹುಡುಗನನ್ನು ಕೇಳಿದ್ದಕ್ಕೆ, "ಬೋರ್ ನೀರೇ ಅಕ್ಕ, ದಿನಾ ಒಂದೇ ಕಡೆ ಸಿಗಲ್ಲ ಈಗ" ಅಂದಿದ್ದ. ಒಂದು ಲೋಟದಲ್ಲಿ ಆ ನೀರು ಹಿಡಿದು ಮೀಟರ್ ಅದ್ದಿದೆ. ಇ.ಸಿ. 0.9, ಪಿ.ಎಚ್. 7.9.

ಇ.ಸಿ. ಅಂದರೆ ನೀರಿನಲ್ಲಿ ಎಷ್ಟು ಸಲೀಸಾಗಿ ವಿದ್ಯುತ್ ಹರಿಯುತ್ತದೆ ಅನ್ನುವ ಅಳತೆ. ಲವಣ ಜಾಸ್ತಿ ಕರಗಿದಷ್ಟೂ ಅಂಕಿ ಏರುತ್ತದೆ. ಪಿ.ಎಚ್. ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ, ಏಳಕ್ಕಿಂತ ಮೇಲಿದ್ದರೆ ಕ್ಷಾರ. ಲೆಟಿಸ್‌ಗೆ 1.2ರ ಆಸುಪಾಸು ಇದ್ದರೆ ಸಾಕು, ಪಾಲಕ್‌ಗೆ 1.8ರಿಂದ 2ರವರೆಗೆ. ಈಗ ಲೆಕ್ಕ ಹಾಕಿ. ಬರೀ ನೀರಿನಲ್ಲೇ 0.9 ಇದೆ. ಅದಕ್ಕೆ ಗೊಬ್ಬರ ಬೆರೆಸಿ 1.2ಕ್ಕೆ ನಿಲ್ಲಿಸಿದರೆ ಗಿಡಕ್ಕೆ ಸಿಗುವ ಊಟ 0.3 ಮಾತ್ರ. ಮಿಕ್ಕಿದ್ದೆಲ್ಲ ಬೋರ್‌ವೆಲ್ಲಿನ ಸೋಡಿಯಂ, ಕ್ಲೋರೈಡ್, ಬೈಕಾರ್ಬನೇಟ್, ಜೊತೆಗೆ ಒಂದಿಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ. ಮೀಟರ್ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಅದಕ್ಕೆ ಎಷ್ಟಿದೆ ಅನ್ನೋದು ಗೊತ್ತು, ಏನಿದೆ ಅನ್ನೋದು ಗೊತ್ತಿಲ್ಲ.

ಪದೇ ಪದೇ ನೀರು ಬದಲಿಸುವುದು ಯಾಕೆ, ಕಮ್ಮಿಯಾದಷ್ಟು ಸುರಿದರೆ ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕೂ ಉತ್ತರ ಇದೇ. ಗಿಡ ಎಲ್ಲವನ್ನೂ ಒಂದೇ ಸಮ ತಿನ್ನುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಶ್ ಬೇಗ ಖಾಲಿಯಾಗುತ್ತವೆ. ಕ್ಯಾಲ್ಸಿಯಂ, ಗಂಧಕ ನಿಧಾನ. ಸೋಡಿಯಂ ಅಂತೂ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ನಾವು ಮತ್ತೆ ಟ್ಯಾಂಕರ್ ನೀರು ಸುರಿಯುತ್ತೇವೆ, ಅದರ ಜೊತೆ ಇನ್ನಷ್ಟು ಸೋಡಿಯಂ ಬಂದು ಸೇರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಅಂಕಿ ಅದೇ, ಡ್ರಮ್ಮಿನೊಳಗಿನ ನೀರೇ ಬೇರೆ.

ಗಿಡಗಳು ಅದನ್ನು ಆಗಲೇ ತೋರಿಸುತ್ತಿದ್ದವು. ಪುದೀನದ ಹೊಸ ಚಿಗುರು ಹಳದಿಯಾಗಿತ್ತು, ನರಗಳು ಮಾತ್ರ ಹಸಿರು. ಹಳೇ ಎಲೆಗಳೆಲ್ಲ ಚೆನ್ನಾಗೇ ಇದ್ದವು. ಚಿಗುರಿನಲ್ಲಿ ಹೀಗೆ ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಕಬ್ಬಿಣದ ಮೇಲೆ. ಗೊಬ್ಬರದಲ್ಲಿ ಕಬ್ಬಿಣ ಹಾಕಿರುತ್ತೇವೆ, ನಿಜ. ಆದರೆ ಇ.ಡಿ.ಟಿ.ಎ. (ಕಬ್ಬಿಣವನ್ನು ನೀರಿನಲ್ಲಿ ಕರಗಿದ ಹಾಗೇ ಹಿಡಿದಿಡುವ ರಾಸಾಯನಿಕ) ಜೊತೆ ಕಟ್ಟಿಟ್ಟ ಕಬ್ಬಿಣ ಪಿ.ಎಚ್. 6.5 ದಾಟಿದರೆ ಬಿಟ್ಟುಕೊಳ್ಳಲು ಶುರುವಾಗುತ್ತದೆ, ಆಮೇಲೆ ಗಿಡದ ಕೈಗೆ ಸಿಗೋದಿಲ್ಲ. ನಮ್ಮ ಡ್ರಮ್ಮಿನಲ್ಲಿ ಸಂಜೆ ಫಾಸ್ಫಾರಿಕ್ ಆಸಿಡ್ ಹಾಕಿ 6ಕ್ಕೆ ಇಳಿಸಿದ ಪಿ.ಎಚ್. ಬೆಳಿಗ್ಗೆ ಮತ್ತೆ ಏಳರ ಹತ್ತಿರ ಬಂದು ನಿಂತಿರುತ್ತಿತ್ತು. ಇದು ಬೈಕಾರ್ಬನೇಟ್‌ನ ಕೆಲಸ. ಹಾಕಿದ ಆಸಿಡ್ಡನ್ನು ಅದು ನುಂಗುತ್ತಾ ಹೋಗುತ್ತದೆ. ದಿನಾ ಆಸಿಡ್ ಸುರಿಯುತ್ತಾ ಕೂತರೆ ರಂಜಕ ವಿಪರೀತ ಆಗುತ್ತದೆಯೇ ಹೊರತು ಮೂಲ ತೊಂದರೆ ಹೋಗೋದಿಲ್ಲ. ನೀರನ್ನೇ ಬದಲಿಸಬೇಕಿತ್ತು. ಆ ಬೇಸಿಗೆಯಲ್ಲಿ ಒಳ್ಳೇ ನೀರು ಎಲ್ಲಿಂದ ತರೋದು?

ಉತ್ತರ ಪಕ್ಕದ ಮನೆ ಗೋಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಎ.ಸಿ.ಯಿಂದ ಬೀಳುವ ನೀರು ಗಾಳಿಯ ತೇವ ತಣ್ಣಗಾಗಿ ಇಳಿದದ್ದು, ಅದರಲ್ಲಿ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಒಂದು ಡಬ್ಬಿ ಹಿಡಿದು ಅಳೆದೆ. 0.05! ಆ ಅಂಕಿ ನೋಡಿ ಆದ ಖುಷಿ ಹೇಳತೀರದು. ಪಕ್ಕದ ಮನೆಯವರನ್ನು ಕೇಳಿದೆ, ಎದುರು ಮನೆಯವರನ್ನು ಕೇಳಿದೆ. "ಅಯ್ಯೋ, ಸುಮ್ನೆ ಹರಿದು ಹೋಗ್ತಿದೆ, ತಗೊಳ್ಳಿ" ಅಂದರು ಎಲ್ಲರೂ. ಎ.ಸಿ. ಪೈಪಿನ ಕೆಳಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಇಟ್ಟೆವು. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಒಂದು ರಾತ್ರಿಗೆ ಸಿಗೋದು ಸ್ವಲ್ಪವೇ. ಆದರೂ ಮೂರು ಮನೆಯದು ಸೇರಿ ಆ ಭಾನುವಾರಕ್ಕೆ ಬೇಕಾದಷ್ಟು ಕೂಡಿತು. ಅದನ್ನು ಹಳೇ ಪಂಚೆಯಲ್ಲಿ ಸೋಸಿ ಧೂಳು ತೆಗೆದೆ. ಒಂದು ಎಚ್ಚರಿಕೆ: ಸರ್ವಿಸ್‌ನವರು ಬಂದು ಕೆಮಿಕಲ್ ಹಾಕಿ ಕಾಯಿಲ್ ತೊಳೆದಿದ್ದರೆ, ಒಂದು ವಾರ ಆ ಎ.ಸಿ.ಯ ನೀರು ಮುಟ್ಟಬೇಡಿ.

ಬೆಳಿಗ್ಗೆ ಆರೂವರೆಗೇ ಅಮ್ಮನೂ ನಾನೂ ಮೇಲೆ ಹೋದೆವು. ಬಿಸಿಲೇರುವ ಮುಂಚೆ ಮುಗಿಸಲೇಬೇಕು. ಪಂಪು ನಿಂತ ಮೇಲೆ ಪೈಪಿನೊಳಗೆ ಬೇರು ಒಣಗಲು ಜಾಸ್ತಿ ಹೊತ್ತು ಬೇಡ. ಒಂದು ಗಿಡವನ್ನು ನೆಟ್‌ಪಾಟ್ (ಗಿಡ ಕೂರಿಸುವ ಜಾಲರಿ ಬಟ್ಟಲು) ಸಮೇತ ಎತ್ತಿ ಬೇರು ನೋಡಿದೆ. ಕೆನೆಬಣ್ಣ ಇತ್ತು, ತುದಿ ಮಾತ್ರ ಕಂದು. ಮೂಗಿನ ಹತ್ತಿರ ಹಿಡಿದರೆ ಒದ್ದೆ ಮಣ್ಣಿನ ವಾಸನೆ. ಚರಂಡಿ ವಾಸನೆ ಬಂದಿದ್ದರೆ, ಬೇರು ಕೈಗೆ ಲೋಳೆಯಾಗಿ ಕಿತ್ತು ಬಂದಿದ್ದರೆ ಕೊಳೆರೋಗ ಅಂತ ಅರ್ಥ. ಪುಣ್ಯಕ್ಕೆ ಅಷ್ಟಕ್ಕೆ ಹೋಗಿರಲಿಲ್ಲ. ಅಮ್ಮ ಡ್ರಮ್ಮಿನ ಒಳಗೆ ಕೈ ಹಾಕಿ ನೀರಿನ ಮಟ್ಟದ ಗೆರೆಯಲ್ಲಿ ಅಂಟಿದ್ದ ಬಿಳಿ ಪೊರೆಯನ್ನು ತೆಂಗಿನ ನಾರಿನಿಂದ ಉಜ್ಜಿದರು. ಸೋಪು ಹಾಕಲಿಲ್ಲ. ಪಂಪಿನ ಜಾಲರಿ ಬಿಚ್ಚಿದರೆ ಅದರ ತುಂಬಾ ಸಣ್ಣ ಬೇರುಗಳು, ಪಾಚಿ.

ಅರವತ್ತು ಲೀಟರಿಗೆ ಹದಿನೈದು ಲೀಟರ್ ಟ್ಯಾಂಕರ್ ನೀರು, ಮಿಕ್ಕಿದ್ದು ಎ.ಸಿ. ನೀರು. ಬರೀ ಎ.ಸಿ. ನೀರೇ ಯಾಕೆ ಬೇಡ ಅಂದರೆ, ಅದರಲ್ಲಿ ಏನೂ ಇಲ್ಲದಿರುವುದರಿಂದ ಪಿ.ಎಚ್. ಸ್ವಲ್ಪಕ್ಕೇ ಏರಿಳಿಯುತ್ತದೆ. ಒಂದು ಪಾಲು ಬೋರ್ ನೀರಿದ್ದರೆ ಹಿಡಿತ ಇರುತ್ತದೆ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಉಪಯೋಗಕ್ಕೆ ಬರುತ್ತದೆ. ಬೆರೆಸಿದ ಮೇಲೆ ಇ.ಸಿ. 0.26. ಈಗ ಊಟಕ್ಕೆ ಜಾಗ ಸಿಕ್ಕಿತು.

ಸಾಂದ್ರ ಗೊಬ್ಬರದ ದ್ರಾವಣ ಎ, ಬಿ ಅಂತ ಎರಡು ಕ್ಯಾನಿನಲ್ಲಿ ಬೇರೆ ಬೇರೆ ಇರುತ್ತದೆ. ಮೊದಲು ಎ ಕ್ಯಾನಿನದ್ದು, ಅಂದರೆ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಕಬ್ಬಿಣ. ಚೆನ್ನಾಗಿ ಕಲಕಿ, ಪಂಪು ಸ್ವಲ್ಪ ಹೊತ್ತು ಓಡಿಸಿ, ಆಮೇಲೆ ಬಿ ಕ್ಯಾನಿನದ್ದು: ಮೆಗ್ನೀಸಿಯಂ ಸಲ್ಫೇಟ್, ಪೊಟ್ಯಾಶಿಯಂ ಫಾಸ್ಫೇಟ್, ಮಿಕ್ಕ ಸೂಕ್ಷ್ಮ ಪೋಷಕಗಳು. ಇವೆರಡನ್ನು ಡ್ರಮ್ಮಿನ ನೀರಿನಲ್ಲಿ ತೆಳುವಾಗಿಸುವ ಮುಂಚೆ ಒಂದಕ್ಕೊಂದು ಸೇರಿಸಬಾರದು. ಸೇರಿಸಿದರೆ ಕ್ಯಾಲ್ಸಿಯಂ ಹೋಗಿ ಸಲ್ಫೇಟ್ ಜೊತೆ, ಫಾಸ್ಫೇಟ್ ಜೊತೆ ಕೂಡಿಕೊಂಡು ಸುಣ್ಣದ ನೀರಿನ ಹಾಗೆ ಬೆಳ್ಳಗಾಗಿ ತಳಕ್ಕೆ ಕೂರುತ್ತದೆ. ಮತ್ತೆ ಕರಗೋದಿಲ್ಲ, ಗಿಡಕ್ಕೆ ದಕ್ಕೋದೂ ಇಲ್ಲ. ಮೀಟರ್ 1.25ಕ್ಕೆ ಬಂದಾಗ ನಿಲ್ಲಿಸಿದೆ. ಪಿ.ಎಚ್. ನೋಡೋದು ಯಾವಾಗಲೂ ಕೊನೆಗೆ, ಯಾಕೆಂದರೆ ಗೊಬ್ಬರವೇ ಅದನ್ನು ಸ್ವಲ್ಪ ಇಳಿಸಿರುತ್ತದೆ. ಡ್ರಾಪರಿನಲ್ಲಿ ಆಸಿಡ್ ಬಿಟ್ಟು 5.9ಕ್ಕೆ ತಂದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ 6.0. ಎಷ್ಟೋ ದಿನದ ಮೇಲೆ ಅದು ಹಾಕಿದ ಜಾಗದಲ್ಲೇ ನಿಂತಿತ್ತು.

ಸೆಕೆಯ ವಿಷಯ ಬೇರೆಯೇ ಇದೆ. ಆ ತಿಂಗಳ ಕೊನೆಗೆ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿದರೆ, 30ರಲ್ಲಿ ಏಳೂವರೆ. ಅದೇ ಹೊತ್ತಿಗೆ ಬೇರಿಗೆ ಬೇಕಾಗೋದು ಜಾಸ್ತಿ. ಡ್ರಮ್ಮಿಗೆ ಥರ್ಮಾಕೋಲ್ ಸುತ್ತಿ, ಮಧ್ಯಾಹ್ನ ಫ್ರೀಜರಿನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿಗಳನ್ನು ಮುಚ್ಚಳ ಬಿಗಿಮಾಡಿ ತೇಲಿಬಿಡುತ್ತಿದ್ದೆವು. ಅಕ್ವೇರಿಯಂ ಏರ್ ಪಂಪ್ ರಾತ್ರಿ ಹಗಲು ಓಡುತ್ತಿತ್ತು.

ಹಳೇ ನೀರನ್ನು ಚರಂಡಿಗೆ ಬಿಡಲಿಲ್ಲ, ಯಾವತ್ತೂ ಬಿಡಬಾರದು. ಅದರಲ್ಲಿ ಉಳಿದ ನೈಟ್ರೇಟ್, ರಂಜಕ ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ನಮ್ಮ ಕೆರೆಗಳ ಮೇಲೆ ಅಂತರಗಂಗೆ ಹಬ್ಬೋದು ಇಂಥ ಗೊಬ್ಬರ ಉಂಡೇ ಅಲ್ವಾ? ಬಟ್ಟೆ ಜಾಲಿಸಿದ ಕೊನೇ ನೀರನ್ನು ಅದಕ್ಕೆ ಸಮಸಮ ಬೆರೆಸಿ ಬಕೆಟ್ಟಿನಲ್ಲಿ ಕೆಳಗೆ ಇಳಿಸಿದೆ. ಕೆಳಮನೆ ಅಜ್ಜಿ ಕಾದು ನಿಂತಿದ್ದರು. "ನನ್ನ ಕರಿಬೇವಿಗೆ ಒಂದು ಬಕೆಟ್ ಬಿಡು ಮಗಾ, ಈ ಬಿಸಿಲಿಗೆ ಪಾಪ ಸೊರಗಿದೆ" ಅಂದರು. ಸೋಡಿಯಂ ಇರುವ ನೀರು, ಒಂದೇ ಬುಡಕ್ಕೆ ಪದೇ ಪದೇ ಬೇಡ ಅಂತ ಹೇಳಿ ಕರಿಬೇವಿಗೆ, ದಾಸವಾಳಕ್ಕೆ, ಬಾಳೆಗೆ ಹಂಚಿದೆವು.

ಹಳದಿಯಾಗಿದ್ದ ಎಲೆಗಳು ಹಾಗೇ ಉಳಿದವು. ಅದರ ಮೇಲೆ ಬಂದ ಹೊಸ ಎಲೆಗಳು ಹಸಿರಾಗಿದ್ದವು. ಮೇ ಮೊದಲ ವಾರ ಕೊನೆಗೂ ಮಳೆ ಬಂತು. ತಾರಸಿಯ ಕೊಳೆ ತೊಳೆದು ಹೋಗಲಿ ಅಂತ ಮೊದಲ ಮಳೆಯ ನೀರು ಬಿಟ್ಟು, ಎರಡನೆಯದನ್ನು ಹಿಡಿದೆವು. ಅದೂ ಎ.ಸಿ. ನೀರಿನಷ್ಟೇ ಮೆದು. ಅಲ್ಲಿಂದ ಮುಂದೆ ಎ.ಸಿ. ನೀರಿನ ಕ್ಯಾನುಗಳ ಜಾಗಕ್ಕೆ ಮಳೆನೀರಿನ ಡ್ರಮ್ಮು ಬಂದಿದೆ. ನಾಲ್ಕರಲ್ಲಿ ಒಂದು ಪಾಲು ಬೋರ್ ನೀರು ಮಾತ್ರ ಈಗಲೂ ಹಾಗೇ ನಡೆದಿದೆ. ಗೊಬ್ಬರ ಹಾಕುವ ಮುಂಚೆ ಬರೀ ನೀರನ್ನು ಅಳೆದು, ಆ ಅಂಕಿಯನ್ನು ಡ್ರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ.