ಓದುತ್ತಿದ್ದವಳು ಕೇಳಲು ಕಲಿತದ್ದು

ಅಂದು ಚರ್ಚಿನಲ್ಲಿ ಪಂಚಾಶತ್ತಮ (ಪೆಂತೆಕೊಸ್ತ್) ಹಬ್ಬದ ಭಾನುವಾರ. ಆರಾಧನೆಯಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಅಪೊಸ್ತಲರ ಕೃತ್ಯಗಳ ಪುಸ್ತಕದ ಎರಡನೆಯ ಅಧ್ಯಾಯ ಓದುವ ಕೆಲಸ ನನ್ನದು. ಎಂಟನೆಯ ವಚನದವರೆಗೆ ಸರಿಯಾಗಿಯೇ ಓದಿದೆ. ಒಂಬತ್ತಕ್ಕೆ ಬಂದಾಗ ಸಾಲಿನ ನಡುಭಾಗವೇ ಕಾಣಲಿಲ್ಲ. ಅಕ್ಕಪಕ್ಕದ ಅಕ್ಷರಗಳು ಇದ್ದವು. ನಾನು ದಿಟ್ಟಿಸಿದ ಜಾಗದಲ್ಲಿ ಮಾತ್ರ ಯಾರೋ ಬೆರಳಿನಿಂದ ಒರೆಸಿಬಿಟ್ಟ ಹಾಗೆ ಬೂದು ಮಬ್ಬು.

ಬೇರೆ ಯಾವ ಭಾಗವಾಗಿದ್ದರೂ ಬಾಯಿಪಾಠದ ಬಲದಿಂದ ದಾಟಿಸುತ್ತಿದ್ದೆ. ಕೆಲವು ತಿಂಗಳಿಂದ ಹಾಗೇ ಮಾಡುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಆದರೆ ಆ ವಚನದಲ್ಲಿ ಇರುವುದು ಬರೀ ಜನಾಂಗಗಳ, ದೇಶಗಳ ಹೆಸರು. ಪಾರ್ಥ್ಯರು, ಮೇದ್ಯರು, ಏಲಾಮ್ಯರು, ಆಮೇಲೆ ಮೆಸೊಪೊತಾಮ್ಯ, ಕಪ್ಪದೋಕ್ಯ, ಪೊಂತ. ಊಹಿಸಿ ಹೇಳುವಂಥದ್ದಲ್ಲ. ಪುಸ್ತಕವನ್ನು ಹತ್ತಿರ ತಂದೆ, ದೂರ ಹಿಡಿದೆ. ಸಭೆ ಕಾಯುತ್ತಿತ್ತು.

ಗಾಯಕರ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ಬಂದಳು. ಹೈಸ್ಕೂಲಿನ ಹುಡುಗಿ. ನನ್ನ ಪಕ್ಕ ನಿಂತು, "ಎಲ್ಲಿಂದ ಅಜ್ಜಿ?" ಎಂದು ಮೆಲ್ಲಗೆ ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ. ಅವಳು ಓದಿದಳು. ಹೆಸರುಗಳಲ್ಲಿ ಎರಡು ಸಲ ಎಡವಿದಳು, ನಿಲ್ಲಲಿಲ್ಲ. ಓದು ಮುಗಿಯುವವರೆಗೆ ನಾನು ಅಲ್ಲೇ ನಿಂತಿದ್ದೆ. ಮೆಟ್ಟಿಲು ಇಳಿಯುವಾಗ ಅವಳು ಕೈ ಹಿಡಿದಳು.

ನನಗೆ ಎಪ್ಪತ್ತೆರಡು ವರ್ಷ. ಇಪ್ಪತ್ತಾರು ವರ್ಷ ಆ ಜಾಗದಲ್ಲಿ ನಿಂತು ವಾಕ್ಯ ಓದಿದ್ದೇನೆ. ಅವತ್ತು ಮನೆಗೆ ಬಂದು ಯಾರ ಜೊತೆಯೂ ಮಾತಾಡಲಿಲ್ಲ.

ಕಣ್ಣಿನ ವಿಷಯ ಮೊದಲೇ ಗೊತ್ತಿತ್ತು. ಎರಡು ವರ್ಷದ ಹಿಂದೆ ಡಾಕ್ಟರು ಚೌಕಳಿ ಗೆರೆಗಳ ಒಂದು ಹಾಳೆ ತೋರಿಸಿ, "ಒಂದೊಂದೇ ಕಣ್ಣಿನಲ್ಲಿ ನೋಡಿ, ಗೆರೆ ನೇರವಾಗಿ ಕಾಣುತ್ತಾ?" ಎಂದು ಕೇಳಿದ್ದರು. ನನಗೆ ನಡುವಿನ ಗೆರೆಗಳು ನೀರಿನಲ್ಲಿ ಅಲುಗಾಡುವ ಹಾಗೆ ಕಂಡವು. ಕಣ್ಣಿನ ಒಳಪರದೆಯ ನಡುವೆ ಮ್ಯಾಕುಲಾ ಅಂತ ಒಂದು ಸಣ್ಣ ಜಾಗ ಇದೆಯಂತೆ. ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದ ಸೂಕ್ಷ್ಮ ನೋಟವೆಲ್ಲ ಅಲ್ಲಿಂದಲೇ. ವಯಸ್ಸಾದಂತೆ ಕೆಲವರಲ್ಲಿ ಅದು ಸವೆಯುತ್ತದೆ. ನನ್ನದು ನಿಧಾನವಾಗಿ ಹೆಚ್ಚುವ ಒಣ ಬಗೆಯದು. ಅಂಚಿನ ನೋಟ ಉಳಿಯುತ್ತದೆ, ಓಡಾಡಬಹುದು. ಸವೆದದ್ದು ಮಾತ್ರ ಕನ್ನಡಕ ಬದಲಿಸಿದರೆ ವಾಪಸ್ ಬರುವುದಿಲ್ಲ.

ವಾಸಿಯಾಗಲಿ ಎಂದು ಪ್ರಾರ್ಥನೆ ಮಾಡಿದೆ. ಈಗಲೂ ಮಾಡುತ್ತೇನೆ. ಮಾರ್ಕನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಬೇತ್ಸಾಯಿದದ ಕುರುಡನೊಬ್ಬ ಇದ್ದಾನೆ. ಯೇಸು ಮೊದಲ ಸಲ ಮುಟ್ಟಿದಾಗ ಅವನಿಗೆ ಪೂರ್ತಿ ಕಾಣಲಿಲ್ಲ. ಮನುಷ್ಯರು ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಎಂದ. ಎರಡನೆಯ ಸಲ ಮುಟ್ಟಿದಾಗ ಎಲ್ಲ ಸ್ಪಷ್ಟವಾಯಿತು. ನನಗೂ ಈಗ ಮನುಷ್ಯರು ಹಾಗೇ ಕಾಣುತ್ತಾರೆ. ಆ ಎರಡನೆಯ ಸ್ಪರ್ಶಕ್ಕಾಗಿ ಎಷ್ಟು ರಾತ್ರಿ ಅತ್ತಿದ್ದೇನೋ! ಅದು ನಾನು ಕೇಳಿದ ರೀತಿಯಲ್ಲಿ ಬರಲಿಲ್ಲ.

ಮಗ ಫೋನಿನಲ್ಲಿ ಸತ್ಯವೇದದ ಆಡಿಯೊ ಹಾಕಿಕೊಟ್ಟಿದ್ದ. ನಾನು ಮುಟ್ಟಿರಲಿಲ್ಲ. ನನ್ನ ಸತ್ಯವೇದ ಮದುವೆಯ ದಿನ ಬಂದದ್ದು, ನಲವತ್ತಾರು ವರ್ಷದ್ದು. ಅದರ ಅಂಚುಗಳಲ್ಲಿ ನನ್ನ ಪೆನ್ಸಿಲ್ ಬರಹ ಇದೆ, ಮಕ್ಕಳು ಹುಟ್ಟಿದ ದಿನ ಇದೆ, ಮನೆಯವರು ತೀರಿಕೊಂಡ ವಾರ ನಾನು ಮತ್ತೆ ಮತ್ತೆ ಗೆರೆ ಎಳೆದು ಹರಿದುಹೋದ ಒಂದು ಪುಟ ಇದೆ. ಅದನ್ನು ಬಿಟ್ಟು ಯಾರದೋ ಧ್ವನಿ ಕೇಳುವುದೇ? ದೇವರು ನನ್ನ ಜೊತೆ ಮಾತಾಡುವುದು ಈ ಪುಟಗಳಲ್ಲೇ ಎಂದು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆ ಭಾನುವಾರದ ಸಂಜೆ ಮೊಮ್ಮಗ ಬಂದು ಪಕ್ಕದಲ್ಲಿ ಕುಳಿತ. ಅವನಿಗೆ ಒಂಬತ್ತು ವರ್ಷ. "ಅಜ್ಜಿ, ಯಾವ ಕಥೆ ಹಾಕಲಿ?" ಎಂದ. ಬೇಡ ಅನ್ನಲು ಮನಸ್ಸಾಗಲಿಲ್ಲ. ನಿನಗೆ ಇಷ್ಟವಾದದ್ದು ಹಾಕು ಎಂದೆ. ಅವನು ಸಮುವೇಲನನ್ನು ಹುಡುಕಿದ, ಮೊದಲನೆಯ ಪುಸ್ತಕದ ಮೂರನೆಯ ಅಧ್ಯಾಯ. ಸಂಡೇ ಸ್ಕೂಲಿನಲ್ಲಿ ಆ ಕಥೆಯನ್ನು ನಾನೇ ಎಷ್ಟು ಸಲ ಹೇಳಿಕೊಟ್ಟಿದ್ದೇನೋ. ಹುಡುಗ ಮಲಗಿದ್ದಾನೆ, ದೇವರು ಕರೆಯುತ್ತಾನೆ, ಹುಡುಗ ತನ್ನನ್ನು ಕರೆದದ್ದು ಮುದಿ ಯಾಜಕ ಏಲಿ ಎಂದುಕೊಂಡು ಅವನ ಬಳಿ ಓಡುತ್ತಾನೆ. ಯಾವಾಗಲೂ ನನ್ನ ಕಣ್ಣು ಆ ಹುಡುಗನ ಮೇಲೇ ಇತ್ತು.

ಅವತ್ತು ಎರಡನೆಯ ವಚನ ಕಿವಿಗೆ ಬಿತ್ತು. ಏಲಿಯ ಕಣ್ಣು ಮೊಬ್ಬಾಗಿ ಅವನಿಗೆ ಕಾಣದೆ ಹೋಗುತ್ತಿತ್ತು ಎಂಬ ಮಾತು. ಇಷ್ಟು ವರ್ಷ ಇದನ್ನು ಓದಿಯೂ ನಾನು ನಿಂತು ನೋಡಿರಲಿಲ್ಲ. ಆ ರಾತ್ರಿ ಕರೆಯುತ್ತಿರುವುದು ಯಾರು ಎಂದು ಹುಡುಗನಿಗೆ ತಿಳಿಯಲಿಲ್ಲ. ಮೂರನೆಯ ಸಲಕ್ಕೆ ತಿಳಿದುಕೊಂಡವನು ಕಣ್ಣು ಕಾಣದ ಮುದುಕ. ಹೋಗಿ ಮಲಗು, ಮತ್ತೆ ಕರೆದರೆ ಕರ್ತನೇ ಹೇಳು, ನಿನ್ನ ದಾಸನು ಕೇಳುತ್ತಾನೆ ಎನ್ನು ಅಂತ ಕಲಿಸಿಕೊಟ್ಟವನು ಅವನೇ. ಬೆಳಗ್ಗೆ ಹುಡುಗ ತಂದ ಸುದ್ದಿ ಏಲಿಯ ಮನೆತನಕ್ಕೇ ಕೇಡಿನದು. ಅದನ್ನೂ ಅವನು ಬಚ್ಚಿಡಬೇಡ ಎಂದು ಕೇಳಿ ತಿಳಿದುಕೊಂಡ. ಆತನೇ ಕರ್ತನು, ತನಗೆ ಸರಿ ಕಂಡದ್ದನ್ನು ಮಾಡಲಿ ಎಂದ. ಏಲಿ ತನ್ನ ಮಕ್ಕಳ ವಿಷಯದಲ್ಲಿ ಸೋತವನು, ನಿಜ. ಆದರೂ ಆ ಒಂದು ರಾತ್ರಿಯ ಏಲಿಯನ್ನು ನಾನು ಈಗ ತುಂಬ ಪ್ರೀತಿಸುತ್ತೇನೆ.

ಅಧ್ಯಾಯ ಮುಗಿಯುವ ಹೊತ್ತಿಗೆ ಮೊಮ್ಮಗ ನನ್ನ ತೋಳಿಗೆ ಒರಗಿ ನಿದ್ದೆ ಹೋಗಿದ್ದ. ನಾನು ಕತ್ತಲಲ್ಲಿ ಕೂತೇ ಇದ್ದೆ. ಮುಂದಿನ ಅಧ್ಯಾಯ ತಾನಾಗಿ ಶುರುವಾಯಿತು, ನಿಲ್ಲಿಸಲಿಲ್ಲ.

ಕೇಳುವುದು ಸುಲಭವಲ್ಲ. ಮೊದಲ ವಾರಗಳಲ್ಲಿ ಮನಸ್ಸು ಎಲ್ಲೆಲ್ಲೋ ಹೋಗುತ್ತಿತ್ತು. ಆದರೆ ಒಂದು ವಿಷಯ ನನ್ನನ್ನು ಬೆರಗಾಗಿಸಿತು. ಓದುವಾಗ ಕಣ್ಣು ಹಾರುತ್ತದೆ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿರುವ ಯೇಸುವಿನ ವಂಶಾವಳಿಯನ್ನು ನಾನು ಜೀವಮಾನವಿಡೀ ಹಾರಿಸಿಕೊಂಡೇ ಹೋಗಿದ್ದೆ. ಕಿವಿಗೆ ಹಾರಲು ಬರುವುದಿಲ್ಲ. ಒಬ್ಬೊಬ್ಬರ ಹೆಸರೂ ಬಂತು. ಅಷ್ಟು ಗಂಡಸರ ನಡುವೆ ತಾಮಾರ, ರಹಾಬ, ರೂತ್ ಬಂದರು, ಊರೀಯನ ಹೆಂಡತಿ ಬಂದಳು. ಕಷ್ಟ ಕಂಡ ಹೆಂಗಸರು. ಕೊನೆಗೆ ಯೇಸುವಿನ ತಾಯಿ ಮರಿಯಳು. ಅವತ್ತು ಸುಮ್ನೆ ಹೆಸರು ಕೇಳಿಯೇ ನನಗೆ ಅಳು ಬಂತು.

ಆಮೇಲೆ ಹೊಳೆಯಿತು, ಮೊದಲ ಕ್ರೈಸ್ತರಲ್ಲಿ ಹೆಚ್ಚಿನವರು ನನ್ನ ಹಾಗೆ ಕೇಳಿಯೇ ನಂಬಿದವರು ಅಲ್ವಾ? ಮನೆಮನೆಯಲ್ಲಿ ಪುಸ್ತಕ ಎಲ್ಲಿತ್ತು? ಅಪೊಸ್ತಲ ಪೌಲ ಸಭೆಗಳಿಗೆ ಬರೆದ ಪತ್ರಗಳನ್ನು ಸಭೆಯಲ್ಲಿ ಒಬ್ಬರು ಓದಿ ಹೇಳುತ್ತಿದ್ದರು. ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಅವನೇ ಹೇಳುತ್ತಾನೆ, ಇದನ್ನು ನಿಮ್ಮಲ್ಲಿ ಓದಿಸಿದ ಮೇಲೆ ಲವೊದಿಕೀಯದ ಸಭೆಯಲ್ಲೂ ಓದಿಸಿರಿ ಅಂತ. ನಂಬಿಕೆ ಕೇಳುವುದರಿಂದ ಬರುತ್ತದೆ ಎಂದು ರೋಮಾಪುರದವರಿಗೆ ಬರೆದವನೂ ಅವನೇ. ಆ ವಚನ ನನಗೆ ಬಾಯಿಪಾಠ ಇತ್ತು. ನನಗಾಗಿ ಎಂದು ಅನ್ನಿಸಿದ್ದು ಈಗ.

ಎರಡು ತಿಂಗಳ ನಂತರ ಸಭಾಪಾಲಕರ ಬಳಿ ಹೋದೆ. ವಾಕ್ಯ ಓದುವವರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಎಂದೆ. ಹೇಳುವಾಗ ಧ್ವನಿ ನಡುಗಿತು. ಅವರು ಸಮಾಧಾನ ಹೇಳಲು ಹೊರಟರು. "ಅಯ್ಯನವರೇ, ಆ ಹುಡುಗಿಯನ್ನು ಹಾಕಿ. ಹೆಸರುಗಳನ್ನು ನಾನು ಹೇಳಿಕೊಡುತ್ತೇನೆ" ಎಂದೆ.

ಈಗ ಶನಿವಾರ ಸಂಜೆ ಅವಳು ಫೋನ್ ಮಾಡುತ್ತಾಳೆ. ಮರುದಿನದ ಭಾಗವನ್ನು ಒಂದು ಸಲ ಓದುತ್ತಾಳೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಅವಸರ ಆಯಿತು ಎಂದು ಹೇಳುತ್ತೇನೆ. ಬಾಬೆಲಿನ ಅರಸ ನೆಬೂಕದ್ನೆಚ್ಚರನ ಹೆಸರಿಗೆ ಮೂರು ವಾರ ಬೇಕಾಯಿತು. ಕೆಲವು ಸಲ ಅವಳು ಓದುವ ರೀತಿಗೆ, ನನಗೆ ಚೆನ್ನಾಗಿ ಗೊತ್ತಿದ್ದ ವಚನವೂ ಹೊಸದಾಗಿ ಕೇಳಿಸುತ್ತದೆ. ಹಳೆಯ ಸತ್ಯವೇದ ಮಡಿಲಲ್ಲೇ ಇರುತ್ತದೆ, ಪುಟ ತೆಗೆಯುವುದಿಲ್ಲ.

ಕಳೆದ ವಾರ ಕೀರ್ತನೆ ಎಪ್ಪತ್ತೊಂದು. ವೃದ್ಧಾಪ್ಯದಲ್ಲಿ ನನ್ನನ್ನು ತಳ್ಳಬೇಡ ಎಂಬ ಮಾತು ಬಂದಾಗ ನಾನು ಏನೂ ಹೇಳದೆ ಕೂತಿದ್ದೆ. ಅವಳು ಓದು ನಿಲ್ಲಿಸಿದಳು.

"ಅಜ್ಜಿ, ಲೈನಲ್ಲಿ ಇದ್ದೀರಾ?"

"ಇದ್ದೀನಮ್ಮ. ಓದು, ಕೇಳ್ತಾ ಇದ್ದೀನಿ."