ಎಕ್ಸ್‌ಎಂಎಲ್‌ನ ಉದ್ದ ಮಾತು

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ ತಂತ್ರಾಂಶ ಬರೆದುಕೊಡುವ ನನಗೆ, ಎಕ್ಸ್‌ಎಂಎಲ್ ಎಂಬ, ಪ್ರತಿ ಮಾಹಿತಿಯ ಹಿಂದೆಮುಂದೆ ಅದರ ಹೆಸರಿನ ಗುರುತು (ಟ್ಯಾಗ್) ಹಚ್ಚಿ ಬರೆದಿಡುವ ಕಡತ ವಿಧಾನದ ಬಗ್ಗೆ ಕಿರಿಯ ಸಹೋದ್ಯೋಗಿಗಳು ಮೂಗು ಮುರಿಯುವುದನ್ನು ನೋಡಿ ಅಭ್ಯಾಸವಾಗಿದೆ. ತೋಟದಿಂದ ಬಂದ ಪಾರ್ಚ್‌ಮೆಂಟ್, ಚೆರಿ ಕಾಫಿ ಮೂಟೆಗಳ ವಿವರ ಲೆಕ್ಕಿಗರ ಟ್ಯಾಲಿಯೊಳಗೆ ಹೋಗಬೇಕಾದಾಗ ಮಾತ್ರ ಅವರೂ ಅದನ್ನೇ ಬಳಸುತ್ತಾರೆ.

ಅದು ತೀರಾ ಉದ್ದವೆಂಬ ಅವರ ಆಕ್ಷೇಪ ಸುಳ್ಳಲ್ಲ. ಎಕ್ಸ್‌ಎಂಎಲ್‌ನಲ್ಲಿ ಟ್ಯಾಗ್‌ಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು. ಆದರೆ <ತೂಕ>50</ತೂಕ> ಎಂದು ಬರೆದರೆ, ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಅಕ್ಷರಕ್ಕೂ ಸ್ವರಚಿಹ್ನೆಗೂ ತಲಾ 3 ಬೈಟ್ ಬೇಕಾಗುವುದರಿಂದ, ಒಟ್ಟು 25 ಬೈಟ್ ಖರ್ಚಾಗುತ್ತದೆ, ಅದರಲ್ಲಿ ನಿಜವಾದ ಮಾಹಿತಿ 2 ಬೈಟ್. ಜೇಸನ್ ಎಂಬ ಇನ್ನೊಂದು, ಚುಟುಕಾದ ವಿಧಾನದಲ್ಲಿ "ತೂಕ":50 ಎಂಬುದಕ್ಕೆ 14 ಬೈಟ್ ಸಾಕು. 1998ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಹೊರತಂದ ಎಕ್ಸ್‌ಎಂಎಲ್ ನಿರ್ದಿಷ್ಟತೆಯ ಗುರಿಗಳ ಪಟ್ಟಿಯಲ್ಲಿಯೇ ಸಂಕ್ಷಿಪ್ತತೆಗೆ ಹೆಚ್ಚಿನ ಮಹತ್ವವಿಲ್ಲವೆಂದು ಹೇಳಿದೆ, ಗೊತ್ತಿದ್ದೇ ಮಾಡಿದ್ದು.

ಆ ಉದ್ದ ಮಾತಿನ ಪ್ರಯೋಜನ ಮಳೆಗಾಲದಲ್ಲಿ ತಿಳಿಯುತ್ತದೆ. ನೆಟ್‌ವರ್ಕ್ ಕೈಕೊಟ್ಟು ಕಡತ ಅರ್ಧಕ್ಕೇ ನಿಂತರೆ, ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ ಸಿಎಸ್‌ವಿ ಕಡತ ಬಂದಷ್ಟು ಸಾಲುಗಳನ್ನಷ್ಟೇ ತೋರಿಸಿ ಸುಮ್ಮನಿರುತ್ತದೆ, ಮೂಟೆಗಳ ಲೆಕ್ಕ ಕಡಿಮೆ ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಕ್ಸ್‌ಎಂಎಲ್‌ನಲ್ಲಿ ಕೊನೆಯ ಮುಚ್ಚುವ ಟ್ಯಾಗ್ ಇಲ್ಲದಿದ್ದರೆ ಇಡೀ ಕಡತವೇ ತಿರಸ್ಕೃತವಾಗುತ್ತದೆ. ಜೇಸನ್ ಕೂಡ ಇಷ್ಟನ್ನು ಮಾಡುತ್ತದೆಯೆನ್ನಿ; ಆದರೆ ಎಲ್ಲಿ ತಪ್ಪಿದೆಯೆಂದು ಹುಡುಕುವಾಗ, ಸಾಲುಗಟ್ಟಲೆ ಬರೀ ಆವರಣಚಿಹ್ನೆಗಳನ್ನು ಎಣಿಸುವುದಕ್ಕಿಂತ </ಮೂಟೆ>, </ರಸೀದಿ> ಎಂಬ ಹೆಸರುಗಳನ್ನು ಓದುವುದು ಎಷ್ಟೋ ಸುಲಭ. ತೂಕದ ಜಾಗದಲ್ಲಿ ಅಂಕಿಯೇ ಇರಬೇಕು, ದರ್ಜೆ ಬಿಟ್ಟುಹೋಗಬಾರದು ಎಂಬಂಥ ನಿಯಮಗಳನ್ನು ಎಕ್ಸ್‌ಎಸ್‌ಡಿ ಎಂಬ ನಿಯಮಗಳ ಕಡತದಲ್ಲಿ ಒಮ್ಮೆ ಬರೆದಿಟ್ಟರೆ, ಕಳಿಸುವವರೂ ಪಡೆಯುವವರೂ ಅದೇ ನಿಯಮದಿಂದ ಪರೀಕ್ಷಿಸಿಕೊಳ್ಳಬಹುದು.

ಇದೇ ಕಟ್ಟುನಿಟ್ಟು ಕೆಲವೊಮ್ಮೆ ತಲೆನೋವು. ವ್ಯಾಪಾರಿಯ ಅಂಗಡಿಯ ಹೆಸರಿನಲ್ಲಿ, ಎಕ್ಸ್‌ಎಂಎಲ್‌ನಲ್ಲಿ ಬೇರೆ ರೀತಿ ಬರೆಯಬೇಕಾದ & ಚಿಹ್ನೆಯೊಂದು ಹಾಗೇ ಉಳಿದರೆ, ಆ ಒಂದು ಚಿಹ್ನೆಗಾಗಿ ಇಡೀ ದಿನದ ರಸೀದಿಗಳು ಹೊರಗುಳಿಯುತ್ತವೆ. ಗಾತ್ರದ ಚಿಂತೆ ಅಷ್ಟಿಲ್ಲ: ಒಂದೇ ಟ್ಯಾಗ್ ಮತ್ತೆ ಮತ್ತೆ ಬರುವುದರಿಂದ ಜಿಪ್ ಮಾಡಿದರೆ ಕಡತ ಚೆನ್ನಾಗಿ ಕುಗ್ಗುತ್ತದೆ, ವರ್ಡ್‌ನ ಡಾಕ್ಸ್ ಕಡತವೂ ಒಳಗೆ ಜಿಪ್ ಮಾಡಿದ ಎಕ್ಸ್‌ಎಂಎಲ್ಲೇ. ಬಿಚ್ಚಿ ಪೂರ್ತಿ ಮೆಮೊರಿಗೆ ತುಂಬಿದಾಗ ಮಾತ್ರ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಸ್ವಲ್ಪಸ್ವಲ್ಪವಾಗಿ ಓದುವ ಪಾರ್ಸರ್ ಅದಕ್ಕೆ ಪರಿಹಾರ.

ಹಾಗಾಗಿ ಮೊಬೈಲ್ ಆ್ಯಪ್‌ನ ದಿನನಿತ್ಯದ ವ್ಯವಹಾರಕ್ಕೆ ಜೇಸನ್ ಇಟ್ಟುಕೊಂಡಿದ್ದೇನೆ; ವರ್ಷಾಂತ್ಯದ ದಾಖಲೆಯನ್ನೂ ಹೊರಗಿನವರಿಗೆ ಕೊಡುವ ಲೆಕ್ಕವನ್ನೂ ಎಕ್ಸ್‌ಎಂಎಲ್‌ಗೇ ಬಿಟ್ಟಿದ್ದೇನೆ. ಹೊರಗಿನಿಂದ ಬರುವ ಎಕ್ಸ್‌ಎಂಎಲ್ ಓದುವಾಗ ಡಿಟಿಡಿಯನ್ನು (ಕಡತದ ನಿಯಮಗಳನ್ನೂ ಎಂಟಿಟಿಗಳನ್ನೂ ಘೋಷಿಸುವ ಭಾಗವನ್ನು) ತಪ್ಪದೆ ನಿಷ್ಕ್ರಿಯಗೊಳಿಸಬೇಕು, ಏಕೆಂದರೆ ಒಂದರೊಳಗೊಂದು ಹೆಣೆದ ಎಂಟಿಟಿಗಳಿರುವ (ಓದುವಾಗ ಬೇರೆ ಪಠ್ಯವಾಗಿ ಬಿಚ್ಚಿಕೊಳ್ಳುವ ಹೆಸರುಗಳಿರುವ) 1 ಕಿಲೋಬೈಟ್‌ಗೂ ಚಿಕ್ಕ ಕಡತವೊಂದು ಓದುವಾಗ ಗಿಗಾಬೈಟ್‌ಗಟ್ಟಲೆ ಹಿಗ್ಗಿ ಸರ್ವರನ್ನು ಮಲಗಿಸಿಬಿಡಬಲ್ಲದು.